ಒಂದೇ ನಂಬರಿನ ಮೂರು ರವಿಕೆ

ನ್ಯಾಮತಿ
12 ಫೆಬ್ರವರಿ 2025

ಪ್ರೀತಿಯ ತಂಗಿ ದುರ್ಗಾಂಬಿಕಾಗೆ ಅಕ್ಕನ ಆಶೀರ್ವಾದ.

ಕಣ್ಣಿನ ಆಪರೇಷನ್ ಆದಮೇಲೆ ಔಷಧಿ ತಪ್ಪದೆ ಹಾಕಿಕೊಳ್ಳುತ್ತಿದ್ದೀಯಾ? ಮಗಳು ಸುಚಿತ್ರಾಳ ಬೆನ್ನುನೋವು ಹೇಗಿದೆ? ಅಳಿಯ ರಂಗನಾಥನ ಕೆಮ್ಮು ಬಿಟ್ಟಿತೇ? ಜಗಳೂರಿನ ಬಿಸಿಲು ಶುರುವಾಗಿರಬೇಕು, ಮಜ್ಜಿಗೆ ಕುಡಿ. ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ.

ನಮ್ಮ ಟೈಲರ್ ಅಂಗಡಿಗೆ ಸೊಸೆ ಆಶಾ ಗಿರಾಕಿಗಳ ವಿವರ ಇಡುವ ಆ್ಯಪ್ ತಂದ ದಿನ ನೀನು "ಇನ್ಮೇಲೆ ಆ ಫೋನೇ ಹೊಲಿತೈತೆ ಬಿಡಕ್ಕ, ನಾನ್ಯಾಕೆ" ಅಂದು, ಕಣ್ಣು ತೋರಿಸುವ ನೆಪದಲ್ಲಿ ಇಪ್ಪತ್ತು ವರ್ಷದ ಅಳತೆ ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡು ಮಗಳ ಊರಿನ ಬಸ್ಸು ಹತ್ತಿದೆ. ಸುಳ್ಳು ಹೇಳಲಾರೆ, ಆ್ಯಪಿನಿಂದ ಅನುಕೂಲವೂ ಇದೆ. ರವಿಕೆ ಮುಗಿದ ಕೂಡಲೇ ಗಿರಾಕಿಗೆ ಕನ್ನಡದಲ್ಲೇ ಮೆಸೇಜು ಹೋಗುತ್ತದೆ. ನಲ್ಲೂರಿನವರು ಬಸ್ ಚಾರ್ಜು ಕೊಟ್ಟು ಬಂದು ಬರಿಗೈಲಿ ಬೈದು ಹೋಗುವುದು ತಪ್ಪಿದೆ. ಹೋದ ವಾರ ನನ್ನ ಫೋನು ಬಕೆಟ್ಟಿಗೆ ಬಿತ್ತು. ಆಶಾ ತನ್ನ ಫೋನಿನಲ್ಲಿ ತೆರೆದಳು, ಎಲ್ಲ ಇತ್ತು. ಕ್ಲೌಡಿನಲ್ಲಿರುತ್ತದಂತೆ. ನೆಟ್‌ವರ್ಕ್ ಹೋದಾಗ ಮಾತ್ರ ಟೇಪು ಕೊರಳಿಗೆ ಹಾಕಿಕೊಂಡು ಸುಮ್ಮನೆ ಕೂರಬೇಕು.

ಆದರೆ ಆ್ಯಪಿಗೆ ಒಂದು ಫೋನ್ ನಂಬರ್ ಎಂದರೆ ಒಬ್ಬರೇ ಗಿರಾಕಿ. ನಮ್ಮ ಕಡೆ ಹೆಂಗಸರು ಕೊಡುವುದು ಮನೆಯ ಗಂಡಸಿನ ನಂಬರು. ಸವಳಂಗದ ಕೆಂಚೇಶನ ನಂಬರಿಗೆ ಅವನ ಸೊಸೆ, ಮಗಳು ಪುಷ್ಪಾ, ಹೆಂಡತಿ ಗಾದ್ರಮ್ಮ, ಮೂವರ ಅಳತೆಯನ್ನೂ ಹೊಸದಾಗಿ ತೆಗೆದು ಹಾಕಿದೆ. ಕೊನೆಗೆ ಹಾಕಿದ ಗಾದ್ರಮ್ಮನದೊಂದೇ ಉಳಿಯಿತು. ಅದನ್ನೇ ನೋಡಿ ಪುಷ್ಪಾಳ ಮದುವೆ ರವಿಕೆ ಕತ್ತರಿಸಿಬಿಟ್ಟೆನಲ್ಲ! ಹುಡುಗಿ ಕನ್ನಡಿ ಮುಂದೆ ನಿಂತು "ಅಜ್ಜೀ, ಇದ್ರಾಗೆ ನಾನೂ ನಮ್ಮವ್ವನೂ ಇಬ್ರೂ ಹಿಡಿತೀವಿ" ಎಂದು ನಕ್ಕಳು. ಬಿಗಿಯಾಗಿದ್ದರೆ ರೇಷ್ಮೆ ಹಾಳಾಗುತ್ತಿತ್ತು. ಸಡಿಲವಾದ್ದರಿಂದ ಬಿಚ್ಚಿ, ಹಿಡಿದು ಹೊಲಿದುಕೊಟ್ಟೆ. ಕೆಂಚೇಶನದು ಬೇರೆ ಗೋಳು: "ನಿಮ್ಮ ರವಿಕೆ ಸಿದ್ಧವಾಗಿದೆ ಅಂತ ನನ್ ಫೋನಿಗೆ ಬಂತು ಕಣಮ್ಮಾ, ಹೋಟ್ಲಾಗೆ ಎಲ್ರೂ ಯಾವಾಗ ತೊಡ್ತೀಯಪ್ಪಾ ಅಂತ ಕೇಳಾಕೆ ಹತ್ಯಾರೆ!"

ಒಂದು ನಂಬರಿನಡಿ ಮನೆಯವರನ್ನೆಲ್ಲ ಬೇರೆ ಬೇರೆ ಹಾಕುವ ದಾರಿಯನ್ನು ಆಶಾ ಈಗ ಹುಡುಕಿದ್ದಾಳೆ. ಆದರೆ ನಲವತ್ತು ಮನೆಗಳ ಅಳತೆ ಹೀಗೇ ಅಳಿಸಿಹೋಗಿದೆ, ಮದುವೆಗಳು ಹತ್ತಿರ ಬಂದಿವೆ, ಎಲ್ಲರನ್ನೂ ಮತ್ತೆ ಕರೆಸಿ ಅಳೆಯಲು ಹೊತ್ತಿಲ್ಲ. ಅವು ಉಳಿದಿರುವುದು ನಿನ್ನ ಪುಸ್ತಕದಲ್ಲಿ ಮಾತ್ರ. "ಬಲ ಭುಜ ಇಳಿಜಾರು", "ಬಾಣಂತಿ, ಮತ್ತೆ ಅಳೆಯಬೇಕು" ಎಂಬ ನಿನ್ನ ಟಿಪ್ಪಣಿಗಳ ಸಮೇತ. ನಿನ್ನನ್ನು ಒಂದು ಮಾತು ಕೇಳದೆ ಆ್ಯಪ್ ತರಿಸಿದ್ದು ನನ್ನ ತಪ್ಪು, ತಂಗಿ.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ
ಅನ್ನಪೂರ್ಣ

ತಾ.ಕ.: ಆ್ಯಪಿನಲ್ಲಿ ಅಂಗಡಿಯ ಯಜಮಾನರು ಎಂಬಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರನ್ನೂ ಹಾಕಿಸಿದ್ದೇನೆ, ನಿನ್ನದೇ ನಂಬರಿನಲ್ಲಿ. ನೀನು ಜಗಳೂರಿನಲ್ಲೇ ಕೂತು ಅಳತೆ ತುಂಬಿದರೆ ಇಲ್ಲಿ ನಾನು ನೋಡಿ ಕತ್ತರಿಸಬಹುದು. ಕಣ್ಣಿಗೆ ತೊಂದರೆಯಾದರೆ ನೀನು ಓದಿ ಹೇಳು, ಸುಚಿತ್ರಾ ಒತ್ತಲಿ. ಮೊದಲು ನಿನ್ನ ಫೋನಿಗೆ ಒಂದು ಕೋಡು ಬರುತ್ತದೆ, ಹತ್ತು ನಿಮಿಷದೊಳಗೆ ಹಾಕಬೇಕು. ಎರಡು ಸಲ ಬಂದು ಹೋಯಿತು, ನೀನು ನೋಡಲಿಲ್ಲ. 24ನೇ ತಾರೀಕು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಕಳಿಸುತ್ತೇನೆ. ಫೋನು ಕೈಯಲ್ಲಿ ಹಿಡಿದಿರುತ್ತೀಯಾ? ಆ ದಿನದೊಳಗೆ ನನಗೆ ಒಂದೇ ಒಂದು ಸಾಲು ಬರೆ.