ಕನ್ನಡ ಪೇಪರಿನ ದಿನ

ಫೆಬ್ರವರಿ 12

ಉಪ್ಪಿಟ್ಟು ಉಳಿಯಿತು. ಶಶಿಗೆ ಇಷ್ಟವಿಲ್ಲ, ಆದರೆ ಹೇಳುವುದಿಲ್ಲ. ತಟ್ಟೆಯ ಅಂಚಿಗೆ ಸರಿಸಿಟ್ಟು ಎದ್ದುಬಿಡುತ್ತಾಳೆ. ನಾಳೆಯಿಂದ ಚಿತ್ರಾನ್ನ ಮಾಡಬೇಕು.

ಸ್ಕೂಲಿನಿಂದ ಕರೆ ಬಂದಿತ್ತು. ಇವರಿಗೆ ಸೋಲಾರ್ ಪಾರ್ಕಿನಲ್ಲಿ ಸೆಕ್ಯೂರಿಟಿ ಡ್ಯೂಟಿ, ನಾನೇ ಹೋದೆ. ಕನ್ನಡ ಮೇಷ್ಟ್ರು ಬಸವಲಿಂಗಯ್ಯನವರು ಕುರ್ಚಿ ಕೊಟ್ಟು ಕೂರಿಸಿದರು. ಆಗಲೇ ಗೊತ್ತಾಯಿತು, ಒಳ್ಳೆಯ ಸುದ್ದಿಯಲ್ಲ ಎಂದು.

"ನೋಡಮ್ಮ ಲೋಹಿತಾ, ಶಶಿರೇಖಾ ಮಿಕ್ಕಿದ್ದೆಲ್ಲ ಹೆಂಗೋ ದಾಟ್ತಾಳೆ. ಕನ್ನಡಕ್ಕೆ ಮಾತ್ರ ಈ ಸಲ ಕೂರೋದು ಬ್ಯಾಡ. ಮೇ ತಿಂಗಳಲ್ಲಿ ಎರಡನೇ ಪರೀಕ್ಷೆ ಇರ್ತದೆ, ಅದರಲ್ಲಿ ಬರೀಲಿ. ಈಗ ಫೇಲಾದ್ರೆ ಮನಸ್ಸು ಒಡೆದುಹೋಯ್ತದೆ."

ಅವರಿಗೆ ಸ್ಕೂಲಿನ ರಿಸಲ್ಟ್ ಚಿಂತೆ ಅನ್ನಿಸಿ ಸಿಟ್ಟು ಬಂತು. ಆಮೇಲೆ ಅವಳ ಉತ್ತರಪತ್ರಿಕೆ ತೋರಿಸಿದರು. ಪುಟದ ತುಂಬ ಕೆಂಪು ಶಾಯಿ. ಎದ್ದು ಬಂದೆ.

ಅವಳ ತಪ್ಪೇನು? ತಾಯಿ ಸತ್ತಾಗ ಇನ್ನೂ ಕೂಸು. ತಾಯಿ ಕಡೆಯ ಅಜ್ಜಿ ಆಂಜಿನಮ್ಮ ಗಡಿಯಾಚೆ, ಆಂಧ್ರದ ರೊದ್ದಂ ಕಡೆಯ ತಮ್ಮ ಊರಿಗೆ ಎತ್ತಿಕೊಂಡು ಹೋಗಿ ಸಾಕಿದರು. ಅಲ್ಲಿ ಎಂಟನೇ ಕ್ಲಾಸಿನವರೆಗೆ ತೆಲುಗು ಮೀಡಿಯಂ. ಇವರು ನನ್ನನ್ನು ಮದುವೆಯಾದ ಮೇಲೆ "ಇನ್ನು ನನ್ ಮಗಳು ನನ್ ಹತ್ರಾನೇ ಇರ್ಲಿ" ಎಂದು ಬಲಸಮುದ್ರಕ್ಕೆ ಕರೆತಂದರು. ಈ ಮನೆಗೆ ನಾನೂ ಅವಳೂ ಒಂದೇ ತಿಂಗಳು ಬಂದವರು. ನಾನಾದರೂ ಕೊರಟಗೆರೆಯಿಂದ ಒಪ್ಪಿಕೊಂಡು ಬಂದೆ. ಅವಳನ್ನು ಯಾರು ಕೇಳಿದರು?

ಫೆಬ್ರವರಿ 13

ಮೇಷ್ಟ್ರು ಹೇಳಿದ್ದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಶಶಿ ಮುಖದಲ್ಲಿ ಏನೋ ಹಗುರವಾಯಿತು. "ಸರಿ. ನಾನು ಕೂರಲ್ಲ. ನಾಕು ರಾದು." ನನಗೆ ಬರಲ್ಲ ಎಂದು ತೆಲುಗಿನಲ್ಲಿ.

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಕೂರ್ಬೇಕು. ಸೋಲಾರ್‌ನಲ್ಲಿ ಎಲ್ರಿಗೂ ಹೇಳ್ಬುಟ್ಟಿದೀನಿ, ನನ್ ಮಗಳು ಹತ್ತನೇದು ಅಂತ."

ಅವಳು ಕೈ ತೊಳೆದುಕೊಂಡು ಹೊರಗೆ ಹೋದಳು. ನಾನು ಬಿ.ಎ.ನಲ್ಲಿ ಓದಿದ್ದು ಕನ್ನಡವೇ. ಕೊರಟಗೆರೆಯಲ್ಲಿ ಕೆಲಸಕ್ಕಿದ್ದ ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟರೆ ಎಲ್ಲೂ ಉಪಯೋಗಕ್ಕೆ ಬಂದಿಲ್ಲ. "ನಾನು ಹೇಳಿಕೊಡ್ಲಾ?" ಎಂದು ಬಾಗಿಲಿನಿಂದ ಕೇಳಿದೆ. ಅವಳು ಅಂಗಳದಾಚೆಗೆ ನಡೆದುಬಿಟ್ಟಳು.

ಫೆಬ್ರವರಿ 19

ತಾನಾಗಿಯೇ ಪುಸ್ತಕ ತಂದು ಒಲೆಯ ಪಕ್ಕ ಕೂತಳು! ನಾನು ಮುದ್ದೆ ತಿರುವುತ್ತಿದ್ದೆ. ಏನೂ ಆಗಿಲ್ಲ ಎನ್ನುವ ಹಾಗೆ ತಿರುವುತ್ತಲೇ ಇದ್ದೆ. ಗಂಟಾಯಿತು.

ಫೆಬ್ರವರಿ 24

ನಿನ್ನ ಅಜ್ಜಿಯ ಬಗ್ಗೆ ಬರಿ ಎಂದೆ. ಅಜ್ಜಿಯನ್ನು ಅವಳು ಅವ್ವ ಎನ್ನುತ್ತಾಳೆ. ಬರೆದು ತಂದಳು: "ನಮ್ಮ ಅವ್ವ ಬೆಳಗ್ಗೆ ಎದ್ದಿತು. ಕೊಟ್ಟಿಗೆ ಗುಡಿಸಿತು. ನನಗೆ ಜಡೆ ಹಾಕಿತು."

ನಗು ತಡೆಯಲಾಗಲಿಲ್ಲ. ಅವಳ ಮುಖ ಕೆಂಪಾಯಿತು. ಪುಸ್ತಕ ಮುಚ್ಚಿದಳು. ಅಯ್ಯೋ, ಎಂಥ ಕೆಲಸ ಮಾಡಿದೆ ಅಂದುಕೊಂಡೆ. ಆಮೇಲೆ ಅವಳೇ ವಿವರಿಸಿದಳು — ತೆಲುಗಿನಲ್ಲಿ ಹೆಂಗಸು ಬಂದರೂ ಮೇಕೆ ಬಂದರೂ ಒಂದೇ ಮಾತಂತೆ.

"ಕನ್ನಡದಲ್ಲಿ ಹಂಗಲ್ಲ ಕಣಮ್ಮ. ಅವ್ವ ಎದ್ದಳು. ಮರ್ಯಾದೆ ಕೊಟ್ರೆ ಎದ್ದರು. ಮೇಕೆ ಎದ್ದಿತು."

ಸ್ವಲ್ಪ ಯೋಚಿಸಿದಳು. "ಅಂದ್ರೆ ಇಷ್ಟು ದಿವಸ ಅವ್ವನ್ನ ನಾನು ಮೇಕೆ ಮಾಡಿದೀನಾ, ಪಿನ್ನೀ?"

ಇಬ್ಬರೂ ನಕ್ಕೆವು. ಪಿನ್ನಿ ಎಂದಳು. ಚಿಕ್ಕಮ್ಮ. ಇಲ್ಲಿಯವರೆಗೆ ನನ್ನನ್ನು ಏನೆಂದೂ ಕರೆದಿರಲಿಲ್ಲ. ನನ್ನ ಕಡೆ ನೋಡಿ ಮಾತು ಶುರು ಮಾಡುತ್ತಿದ್ದಳು, ಅಷ್ಟೆ.

ಫೆಬ್ರವರಿ 25

ಸಂಜೆ ಅಜ್ಜಿಯ ಫೋನ್. ಶಶಿ ಮೇಕೆ ಕಥೆ ಹೇಳಿ ನಗಿಸುತ್ತಿದ್ದಳು. ಆಮೇಲೆ ಫೋನನ್ನು ನನಗೆ ಕೊಟ್ಟಳು. ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ತೆಲುಗು ಅಷ್ಟಕ್ಕಷ್ಟೆ. ಕೆಮ್ಮು ಬೇರೆ ಅವರಿಗೆ. ಒಂದು ಮಾತು ಮಾತ್ರ ಪೂರ್ತಿ ಅರ್ಥವಾಯಿತು. "ನೀ ಬಿಡ್ಡೇ ಅನುಕೋ ತಲ್ಲೀ." ನಿನ್ನ ಮಗುವೇ ಅಂದುಕೋ, ತಾಯಿ.

ಹ್ಞೂಂ ಎಂದೆ. 

ಮಾರ್ಚ್ 11

ಎಷ್ಟೋ ದಿನದಿಂದ ಬರೆದಿಲ್ಲ. ಸಂಜೆಯೆಲ್ಲ ಪಾಠವೇ. ಸಂಧಿ, ಸಮಾಸ, ಪತ್ರಲೇಖನ. ತಲೆಕಟ್ಟನ್ನು ತೆಲುಗಿನ ಹಾಗೆ ಹಾಕುವುದು ಇನ್ನೂ ಬಿಟ್ಟಿಲ್ಲ. ಗಾದೆ ವಿಸ್ತರಣೆ ಎಂದರೆ ಅಳುವಷ್ಟು ಕಷ್ಟ. ಆದರೆ ಪ್ರಬಂಧ ಬರೆಯುತ್ತಾಳೆ. ವಾಕ್ಯ ಸೊಟ್ಟಗಿದ್ದರೂ ಒಳಗೆ ಜೀವ ಇರುತ್ತದೆ.

ಇವತ್ತು ಬಸವಲಿಂಗಯ್ಯ ಮೇಷ್ಟ್ರು ಅವಳನ್ನೇ ಕೇಳಿದರಂತೆ, ಏನಮ್ಮಾ ತೀರ್ಮಾನ ಎಂದು. "ಕೂರ್ತೀನಿ ಸಾರ್" ಅಂದಳಂತೆ. ನನ್ನ ಮುಂದೆ ಬಂದು ಹೇಳುವಾಗ ಮಾತ್ರ ಜಡೆಯ ತುದಿ ತಿರುವುತ್ತಿದ್ದಳು. "ಪಾಸಾದ್ರೆ ಪಾವಗಡದಲ್ಲಿ ಪಿಯುಸಿ. ಇಲ್ಲೇ ಇರ್ಬೋದು."

ಇಲ್ಲೇ. ಅವಳ ಬಾಯಲ್ಲಿ ಆ ಪದ ಮೊದಲ ಸಲ ಕೇಳಿದ್ದು.

ಮಾರ್ಚ್ 20, ಸಂಜೆ

ನಾಳೆ ಪೇಪರ್. ಮತ್ತೆ ಶುರುವಾಯಿತು. "ನಾನು ಕೂರಲ್ಲ ಪಿನ್ನಿ. ಎಲ್ಲಾ ಮರೆತೋಯ್ತು. ಮೇನಲ್ಲೇ ಬರಿತೀನಿ." ಪುಸ್ತಕ ಗೋಡೆಗೆ ಎಸೆದಳು.

ಬೈಯಲಿಲ್ಲ. ತಲೆಗೆ ಎಣ್ಣೆ ಹಚ್ಚಿದೆ. "ಗೊತ್ತಿರೋದನ್ನ ಬರಿ. ಗೊತ್ತಿಲ್ದೇ ಇರೋದನ್ನ ಬುಡು. ಹೋಗಿ ಕೂತ್ಕೊಳ್ಳೋದಷ್ಟೇ ನಿನ್ ಕೆಲ್ಸ." ಎದ್ದು ಪುಸ್ತಕ ಎತ್ತಿಕೊಂಡಳು. ಆಮೇಲೆ, "ನೀನು ಗೇಟ್ ತನಕ ಬರ್ತೀಯಾ?"

ನೀವು ಹೋಗಿ ನೀನು ಆಗಿದೆ. ಗಮನಿಸಿದಳೋ ಇಲ್ಲವೋ.

ಮಾರ್ಚ್ 21, ಬೆಳಗ್ಗೆ

ಅವಳು ಸ್ನಾನ ಮಾಡುತ್ತಿದ್ದಾಳೆ. ಬರೆಯದಿದ್ದರೆ ಆಗುವುದಿಲ್ಲ.

ಅಜ್ಜಿ ಹೋದರು. ಬೆಳಗಿನ ಜಾವ, ನಿದ್ದೆಯಲ್ಲೇ. ಶಶಿಯ ಸೋದರಮಾವ ತಿಪ್ಪೇರುದ್ರ ಫೋನ್ ಮಾಡಿದ್ದರು. ಇವರು ಅಂಗಳಕ್ಕೆ ಹೋಗಿ ಮಾತಾಡಿ ಬಂದು ನನ್ನನ್ನು ಹಿತ್ತಲಿಗೆ ಕರೆದರು.

"ಅವಳಿಗೆ ಹೇಳ್ಬ್ಯಾಡ. ಪೇಪರ್ ಬರೆದ್ಮೇಲೆ ಕರ್ಕೊಂಡು ಬಾ."

"ಮಣ್ಣು ಯಾವಾಗ?"

"ಹನ್ನೆರಡರೊಳಗೆ ಅಂತವ್ರೆ. ಬಿಸ್ಲು."

"ಪೇಪರ್ ಮುಗಿಯೋದು ಒಂದೂಕಾಲಿಗೆ. ಮುಖ ನೋಡೋದು ಬ್ಯಾಡ್ವಾ ಅವಳು?"

"ಮುಖ ನೋಡಿದ್ರೆ ಮುದುಕಿ ಎದ್ದು ಬತ್ತದಾ? ಇಷ್ಟು ದಿವಸ ಓದಿದ್ದು ಹಾಳಾಯ್ತದೆ. ಬಾಯಿ ಮುಚ್ಕೊಂಡು ಕರ್ಕೊಂಡು ಹೋಗು."

ಬೈಕ್ ಹತ್ತಿ ರೊದ್ದಂ ಕಡೆಗೆ ಹೋದರು. ಡ್ಯೂಟಿ ಎಂದು ಅವಳಿಗೆ ಹೇಳಬೇಕಂತೆ. ಒಳಗೆ ಅವಳು ನೀರು ಹುಯ್ಯುತ್ತಾ ಪದ್ಯ ಒಪ್ಪಿಸುತ್ತಿದ್ದಾಳೆ. ಒಂದು ಪದವೂ ತಪ್ಪುತ್ತಿಲ್ಲ. ದೇವರೇ

ಮಾರ್ಚ್ 23

ಮೊನ್ನೆಯದನ್ನು ಪೂರ್ತಿ ಬರೆದಿಡಬೇಕು.

ಪಾವಗಡದ ಬಸ್ಸಿನಲ್ಲಿ ಉದ್ದಕ್ಕೂ ಮಾತು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. "ಪ್ರಬಂಧ ಏನು ಕೊಟ್ರೂ ಬರಿತೀನಿ ಪಿನ್ನಿ. ಭಯ ಹೋಯ್ತು, ನಿಜವಾಗ್ಲೂ." ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ಸೆಂಟರ್‌ಗೆ ಅಲ್ಲಿಂದ ನಡೆಯುವ ದೂರ. ಪಕ್ಕದಲ್ಲಿ ರೊದ್ದಂ ಮೇಲೆ ಹೋಗುವ ಪೆನುಕೊಂಡ ಬಸ್ಸು ನಿಂತಿತ್ತು, ಇಂಜಿನ್ ಚಾಲೂ.

ಅವಳು ಆ ಬಸ್ಸನ್ನು ನೋಡಿ ನಕ್ಕಳು. "ಹೊರಗೆ ಬಂದ ತಕ್ಷಣ ಅವ್ವಂಗೇ ಫಸ್ಟ್ ಫೋನ್ ಮಾಡ್ತೀನಿ."

ನನ್ನ ಕೈಲಾಗಲಿಲ್ಲ. ಒಂದೂಕಾಲಿಗೆ ಗೇಟಿನಲ್ಲಿ ನಿಂತು, ನಗುತ್ತಾ ಓಡಿ ಬರುವ ಆ ಮುಖಕ್ಕೆ ಏನೆಂದು ಹೇಳಲಿ? ಎಲ್ಲ ಮುಗಿದಿದೆ, ಬಾ, ಗುಡ್ಡೆ ಹಾಕಿದ ಮಣ್ಣು ತೋರಿಸುತ್ತೇನೆ ಎಂದೇ?

"ಶಶಿ, ಅವ್ವ ಹೋಗ್ಬುಟ್ರು ಕಣಮ್ಮ. ಬೆಳಗ್ಗೆ."

ಅರ್ಥವಾಗಲಿಲ್ಲ ಅವಳಿಗೆ. "ಎಲ್ಲಿಗೆ?" ಎಂದಳು.

ಆಮೇಲೆ ಅರ್ಥವಾಯಿತು.

ಭುಜ ಹಿಡಿದುಕೊಂಡೆ. "ಮಧ್ಯಾಹ್ನದೊಳಗೆ ಮಣ್ಣು ಮಾಡ್ತಾರೆ. ಪೇಪರ್ ಬರೆದ್ರೆ ಮುಖ ಸಿಕ್ಕಲ್ಲ. ಅಲ್ಲಿಗೆ ಹೋದ್ರೆ ಪೇಪರ್ ಮೇನಲ್ಲಿ ಬರೀಬೋದು. ನೀನು ಹೆಂಗಂತೀಯೋ ಹಂಗೆ. ಯಾರು ಏನಂದ್ರೂ ನಾನಿದೀನಿ."

ಅವಳು ಅಳಲಿಲ್ಲ. ಹಾಲ್ ಟಿಕೆಟ್ ನನ್ನ ಕೈಗೆ ಕೊಟ್ಟು ಪೆನುಕೊಂಡ ಬಸ್ಸು ಹತ್ತಿದಳು. ದಾರಿಯಲ್ಲಿ ನನ್ನ ಮಣಿಕಟ್ಟು ಹಿಡಿದವಳು ಊರು ಬರುವವರೆಗೆ ಬಿಡಲಿಲ್ಲ. ಬಳೆ ಒತ್ತಿ ಗುರುತಾಗಿದೆ.

ಅಂಗಳದಲ್ಲಿ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಶಶಿ ಹೋಗಿ ಕಾಲ ಮೇಲೆ ತಲೆಯಿಟ್ಟಳು. ಆಗ ಅತ್ತಳು. ಅಂಥ ಅಳು ನಾನು ಕೇಳಿಲ್ಲ.

ಇವರು ಜನರ ನಡುವಿನಿಂದ ಎದ್ದು ಬಂದರು. ಕಣ್ಣು ಕೆಂಡ. "ಒಂದು ಮುದುಕಿ ಹೆಣಕ್ಕೋಸ್ಕರ ಎಗ್ಜಾಮು ಬುಟ್ಟು ಬಂದ್ಯಾ?"

 ಶಶಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅಳು ನಿಂತುಹೋಗಿತ್ತು.

ಆಮೇಲೆ ನನ್ನ ಕಡೆ ತಿರುಗಿದರು. "ನಿನ್ ಹೊಟ್ಟೇಲಿ ಹುಟ್ಟಿದ್ರೆ ಹಿಂಗ್ ಮಾಡ್ತಿದ್ಯಾ?"

ಶಶಿಯ ಪಕ್ಕ ಹೋಗಿ ಕೂತೆ. ಮಣ್ಣಾಯಿತು. ಶಶಿ ಅಲ್ಲೇ ಉಳಿದಳು. ನಾನು ಇವರ ಬೈಕಿನ ಹಿಂದೆ ಕೂತು ಬಲಸಮುದ್ರಕ್ಕೆ ಬಂದೆ.

ಮಾರ್ಚ್ 24

ಇವತ್ತು ಗಣಿತ. ಬೆಳಗ್ಗೆ ಹಾಲಿಗೆ ಹೋದಾಗ, ಹಾಲು ಕೊಡುವ ಗಂಗಲಕ್ಷ್ಮಮ್ಮ, "ಏನ್ ಕೆಲ್ಸ ಮಾಡ್ಬುಟ್ಟೆ ತಾಯಿ. ಮೂರು ಗಂಟೆ ಬಾಯಿ ಕಟ್ಕೊಂಡಿದ್ರೆ ಆಗ್ತಿತ್ತಲ್ಲ" ಅಂದರು. ಪಕ್ಕದಲ್ಲಿದ್ದವಳು ಮೆಲ್ಲಗೆ, "ಮಲತಾಯಿ ಅಲ್ವಾ" ಎಂದಳು. ಮೆಲ್ಲಗೆ, ಆದರೆ ಕೇಳಿಸುವ ಹಾಗೆ.

ಪಾವಗಡಕ್ಕೆ ಹೋದೆ. ತಿಪ್ಪೇರುದ್ರ ಶಶಿಯನ್ನು ಬೈಕಿನಲ್ಲಿ ಕರೆತಂದಿದ್ದರು. ಗೇಟಿನ ಹತ್ತಿರ ಹಾಲ್ ಟಿಕೆಟ್ ಕೊಟ್ಟೆ. ಮುಖ ಊದಿಕೊಂಡಿತ್ತು. "ಊಟ ಮಾಡಿದ್ಯಾ ಪಿನ್ನಿ?" ಎಂದಳು. ಅವಳು ನನ್ನನ್ನು ಕೇಳಿದಳು!

ಮಾರ್ಚ್ 30, ಯುಗಾದಿ

ಒಬ್ಬಟ್ಟು ಮಾಡಲಿಲ್ಲ. ಇವರು ಬೇವು ತಂದಿಟ್ಟು ಮಲಗಿದರು.

ಏಪ್ರಿಲ್ 9

ಪೇಪರ್‌ಗಳೆಲ್ಲ ಮುಗಿದವು. ಮನೆಗೆ ಬರಲಿಲ್ಲ ಅವಳು. ಅಜ್ಜಿಯ ತಿಥಿ ಆಗಲಿ ಎಂದು ಅವಳ ಮಾವ ಅಂದರು, ಆಯಿತು. ಆಮೇಲೆ ರಜೆ ಅಲ್ಲವೇ ಎಂದರು. ಇವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಫೋನ್ ಮಾಡುತ್ತಾರೆ, ಅವಳು ಎತ್ತುವುದಿಲ್ಲ. ನನಗೆ ಎತ್ತುತ್ತಾಳೆ. ದಿನಾ ಸಂಜೆ ಫೋನಿನಲ್ಲೇ ಪಾಠ. ಅವಳು ಓದುತ್ತಾಳೆ, ನಾನು ತಿದ್ದುತ್ತೇನೆ. ಕೊನೆಯಲ್ಲಿ "ಯಾವಾಗ ಬತ್ತೀಯಾ?" ಎಂದು ಬಾಯಿಗೆ ಬರುತ್ತದೆ. ಕೇಳಿದರೆ ಈ ಸಂಜೆಯೂ ಹೋದೀತು ಎಂದು ಸುಮ್ಮನಾಗುತ್ತೇನೆ.

ಮೇ 3

ರಿಸಲ್ಟ್. ಎಲ್ಲದರಲ್ಲೂ ಪಾಸು. ಕನ್ನಡದ ಮುಂದೆ ಗೈರುಹಾಜರಿ.

ಬಸವಲಿಂಗಯ್ಯ ಮೇಷ್ಟ್ರು ಮನೆಗೇ ಬಂದಿದ್ದರು. ಎರಡನೇ ಪರೀಕ್ಷೆಗೆ ಹೆಸರು ಕಳಿಸಿದ್ದಾರಂತೆ. ಹೋಗುವಾಗ ಚಪ್ಪಲಿ ಮೆಟ್ಟುತ್ತಾ, "ನಮ್ ತಾಯಿ ಹೋದಾಗ ನಾನು ಇಲೆಕ್ಷನ್ ಡ್ಯೂಟೀಲಿದ್ದೆ. ಯಾರೂ ಹೇಳ್ಲಿಲ್ಲ ಕಣಮ್ಮ" ಅಂದರು. ಇವರಿಗೂ ಕೇಳಿಸಿತು. ಎದ್ದು ಒಳಗೆ ಹೋದರು.

ಮೇ 26

ಹೊಸ ಸ್ಕೂಲ್ ಬ್ಯಾಗ್ ಬಂದಿದೆ ಮನೆಗೆ. ಪಿಯುಸಿಗೆ. ಇವರೇ ನಿನ್ನೆ ಪಾವಗಡದಿಂದ ತಂದು ಅವಳ ಮೊಳೆಗೆ ನೇತುಹಾಕಿದರು. 

ಇವತ್ತು ಕನ್ನಡ ಪೇಪರ್. ಪಾವಗಡದ ಬಸ್‌ಸ್ಟ್ಯಾಂಡಿಗೆ ಶಶಿ ಒಬ್ಬಳೇ ಬಂದಳು. ಸ್ವಲ್ಪ ಸೊರಗಿದ್ದಾಳೆ, ಎತ್ತರವಾಗಿದ್ದಾಳೆ. ಭಯ ಇತ್ತು ಅವಳಿಗೆ, ಬಚ್ಚಿಡಲಿಲ್ಲ. "ಓದಿದ್ದು ಸಾಕಾಗಿಲ್ಲ ಅನ್ಸುತ್ತೆ ಪಿನ್ನಿ. ಆದ್ರೂ ಕೂರ್ತೀನಿ." ಗೇಟ್ ತನಕ ಹೋದೆ. ಬೇವಿನ ಮರದ ಕೆಳಗೆ ಕಾದೆ.

ಹೊರಗೆ ಬಂದಾಗ ಬೆರಳೆಲ್ಲ ಶಾಯಿ. "ಎಲ್ಲಾ ಬರೆದೆ. ಗಾದೇನೂ ಬರೆದೆ." ಕಣ್ಣು ಹೊಳೆಯುತ್ತಿತ್ತು. ಪಾಸು. ಆ ಕಣ್ಣು ನೋಡಿಯೇ ಗೊತ್ತಾಯಿತು.

ಚಿತ್ರಾನ್ನ ಬಿಚ್ಚಿದೆ. ಪೂರ್ತಿ ತಿಂದಳು. ಡಬ್ಬಿ ಮುಚ್ಚಿ, ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು. ಮನಸ್ಸಿನಲ್ಲಿ ಮೊದಲೇ ಜೋಡಿಸಿಕೊಂಡು ಬಂದಿದ್ದಳು ಅನ್ನಿಸುತ್ತದೆ, ಎಲ್ಲೂ ತಡವರಿಸಲಿಲ್ಲ.

"ಪಿನ್ನಿ, ನಾನು ಅಲ್ಲೇ ಇರ್ತೀನಿ. ಮಾವ ಪೆನುಕೊಂಡದಲ್ಲಿ ಕಾಲೇಜಿಗೆ ಸೇರಿಸ್ತಾರೆ."

"ಇಲ್ಲೇ ಅಂದಿದ್ದಲ್ಲ ನೀನು..."

"ಅಂದಿದ್ದೆ. ಅಪ್ಪ ಅವ್ವನ್ನ ಹೆಣ ಅಂದ್ರು. ಅವ್ವನ ಮುಂದೇನೇ. ಊಟಕ್ಕೆ ಕೂತಾಗೆಲ್ಲಾ ಅವರ ಬಾಯಿ ನೋಡ್ಬೇಕಲ್ಲ ನಾನು. ಆಗಲ್ಲ."

"ಅವರು ಆವತ್ತು ಹೆದರಿಕೇಲಿ ಅಂದಿದ್ದು ಕಣಮ್ಮ..."

"ಇರಬಹುದು." ನನ್ನ ಕೈ ಹಿಡಿದಳು. "ನೀನು ಹೇಳಿದ್ದಕ್ಕೆ ಅವ್ವನ ಮುಖ ನೋಡಿದೆ. ಇಲ್ದಿದ್ರೆ ಸಾಯೋ ತನಕ... ಮಾವನ ಹತ್ರಾನೂ ಹೇಳಿದೀನಿ ಅದನ್ನ. ಎಲ್ಲರ ಹತ್ರಾನೂ ಹೇಳ್ತೀನಿ."

ಹಾಗಾದರೆ ನಾನು? ಎಂದು ಕೇಳಬೇಕೆನಿಸಿತು. ಹದಿನಾರರ ಹುಡುಗಿ. ಅದನ್ನೂ ಅವಳ ತಲೆಯ ಮೇಲೆ ಹೊರಿಸಲೇ? "ಚೆನ್ನಾಗಿ ಓದು" ಎಂದೆ.

ಬಸ್ಸು ಹತ್ತಿಸಿದೆ. ಕಿಟಕಿಯಿಂದ ಏನೋ ಕೂಗಿದಳು, ಹಾರ್ನಿನಲ್ಲಿ ಕೇಳಿಸಲಿಲ್ಲ. ತಲೆಯಾಡಿಸಿದೆ. ಬಸ್ಸು ತಿರುಗಿದ ಮೇಲೂ ತಲೆಯಾಡಿಸುತ್ತಾ ನಿಂತಿದ್ದೆನಂತೆ, ಹೂ ಮಾರುವವಳು ಮಾತಾಡಿಸಿದಳು.

ಮನೆಗೆ ಬಂದರೆ ಇವರು ರಜೆ ಹಾಕಿ ಹೊಸಿಲ ಮೇಲೆ ಕೂತಿದ್ದಾರೆ. ಶೇವ್ ಮಾಡಿಕೊಂಡಿದ್ದಾರೆ. ನನ್ನ ಹಿಂದೆ ರಸ್ತೆಯನ್ನು ನೋಡಿದರು.

"ಹೆಂಗೆ ಬರೆದ್ಲಂತೆ?"

"ಚೆನ್ನಾಗಿ ಬರೆದವ್ಳೆ."

ನಕ್ಕರು. ಮಾರ್ಚ್‌ನಿಂದ ಈಚೆಗೆ ಮೊದಲ ಸಲ. "ನಂಗೊತ್ತಿತ್ತು. ಯಾವಾಗ ಬತ್ತಾಳಂತೆ?"

ಕಾಫಿಗೆ ಇಡ್ತೀನಿ ಎಂದು ಒಳಗೆ ಬಂದೆ. ಹಾಲು ಉಕ್ಕಿತು, ಒರೆಸಿದೆ. ಈಗ ಇಲ್ಲಿ ಕೂತು ಬರೆಯುತ್ತಿದ್ದೇನೆ. ಅವರು ಮತ್ತೆ ಕೂಗುತ್ತಿದ್ದಾರೆ, "ಲೋಹಿತಾ, ಯಾವಾಗಂತೆ?" ಎದ್ದು ಹೋಗಿ ಹೇಳಬೇಕು. ನಿಮ್ಮ ಮಾತಿಗೇ ಅವಳು ಇನ್ನು ಬರಲ್ಲ ಅಂತ.