ಪರದೆಯ ಮುಂದಿನ ತಾಯಿ

ಅಕ್ಟೋಬರ್ 14, ಮಂಗಳವಾರ

ಇಡ್ಲಿಗೆ ರುಬ್ಬಿಟ್ಟೆ. ಚಳಿ ಶುರುವಾಗಿದೆ, ಹುದುಗುತ್ತದೋ ಇಲ್ಲವೋ. ಪಾತ್ರೆಗೆ ಟವೆಲ್ ಸುತ್ತಿದ್ದೇನೆ. ಎರಡು ಸಲ ಎದ್ದು ನೋಡಿದೆ.

ಸ್ಕೂಲಿಂದ ಬಂದ ಸಿಂಧೂರಾ ಶೂ ಬಿಚ್ಚುತ್ತಲೇ ಹೇಳಿದಳು. "ಅಮ್ಮಾ, ಹಯಾಶಿ-ಸಾನ್ ಮೆಸೇಜ್ ಮಾಡಿದಾರೆ. ಆ ಸಿನಿಮಾಕ್ಕೆ ಹತ್ತು ವರ್ಷ ಆಯ್ತಂತೆ, ಸ್ಪೆಷಲ್ ಶೋ ಅಂತೆ. ನಿನ್ನ ಹೆಲ್ಪ್ ಬೇಕಂತೆ."

"ಏನ್ ಹೆಲ್ಪು?"

"ಐ ಡೋಂಟ್ ನೋ. ಫೋನ್ ಮಾಡ್ತಾರಂತೆ."

ಎರಡು ವರ್ಷ ಆದ ಮೇಲೆ! ಬಿಪಿ ಮಾತ್ರೆ ತೆಗೆದುಕೊಂಡೆನೋ ಇಲ್ಲವೋ, ಅದೂ ನೆನಪಾಗುತ್ತಿಲ್ಲ.

ಅಕ್ಟೋಬರ್ 16

ಫೋನ್ ಬಂದಿಲ್ಲ. ಹಳೆಯದೆಲ್ಲ ತಲೆಯಲ್ಲಿ.

ನಮ್ಮ ಊರಲ್ಲಿ ಒಂದು ವಾರವೂ ಓಡದ ಕನ್ನಡ ಸಿನಿಮಾ. ಇಲ್ಲಿ ಟೋಕಿಯೋದ ಚಿಕ್ಕ ಟಾಕೀಸಿನಲ್ಲಿ ಜಪಾನಿನವರು ತಿಂಗಳಿಗೊಂದು ಸಲ ಹಾಕಿಕೊಂಡು ಕೂಗುತ್ತಾರೆ, ಗಂಟೆ ಬಾರಿಸುತ್ತಾರೆ, ಬಣ್ಣದ ಕಾಗದ ಎರಚುತ್ತಾರೆ. ಆಮೇಲೆ ಅವರೇ ಬಗ್ಗಿ ಒಂದೊಂದೂ ಆರಿಸುತ್ತಾರೆ. ಪರದೆಯ ಮುಂದೆ ನಾವು ಆರು ಜನ, ಸಿನಿಮಾದ ಹಾಗೇ ವೇಷ ಹಾಕಿ, ಅದೇ ಹೊತ್ತಿಗೆ ಅದೇ ಸೀನು ಮಾಡಬೇಕು. ಐದು ಜನ ಜಪಾನಿನವರು. ತಾಯಿ ಪಾರ್ಟು ನನ್ನದು. ರೌಡಿ ಮಗ ಮಚ್ಚು ಹಿಡಿದು ಹೊರಟಾಗ ಸೌಟು ಹಿಡಿದು ಅಡ್ಡ ನಿಲ್ಲುವುದು. ಅಲ್ಲಿ ಸಿನಿಮಾದ ಸೌಂಡ್ ತೆಗೆಯುತ್ತಿದ್ದರು. ತಾಯಿಯ ಮಾತು ನಾನೇ ಹೇಳಬೇಕು.

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ದೋಸೆ ಹಾಕುವವನ ಹೆಂಡತಿ. ಇನ್ನೂರು ಜನ ನನ್ನ ಬಾಯಿಗೆ ಕಾಯುತ್ತಿದ್ದರು. ಮೂರು ವರ್ಷ.

ಕಳೆದುಕೊಂಡಿದ್ದು ನನ್ನ ಬಾಯಿಂದಲೇ. ಪ್ರತಿ ತಿಂಗಳೂ ಶೋ ಮುಗಿದಾಗ, ಅದನ್ನು ನಡೆಸುವ ಹಯಾಶಿ-ಸಾನ್ ಹತ್ತಿರ ಹೇಳುತ್ತಿದ್ದೆ — ಮಂಡಿ ನೋವು, ತಲೆ ಸುತ್ತು, ಇನ್ನು ನನ್ನ ಕೈಲಾಗಲ್ಲಪ್ಪ, ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಸಿಂಧೂರಾ ಹಾಗೇ ಜಪಾನಿಯಲ್ಲಿ ಹೇಳುತ್ತಿದ್ದಳು. ನಮ್ಮ ಕಡೆ ಯಾರು ಹೇಳುವುದಿಲ್ಲ ಹೀಗೆ? "ಅಯ್ಯೋ, ನೀವಿಲ್ದೆ ಆಗುತ್ತಾ" ಅನ್ನಲಿ ಎಂದು ತಾನೇ ಹೇಳುವುದು. ಅವರು ಪಾಪ, ತಲೆಯಾಡಿಸಿ ಕೇಳಿಸಿಕೊಂಡರು. ಒಂದು ದಿನ ಎಲ್ಲರೂ ಸಾಲಾಗಿ ನಿಂತು, ಬಾಗಿ, ದೊಡ್ಡ ಹೂಗೊಂಚಲು ಕೊಟ್ಟರು. ಸನ್ಮಾನ ಅಂದುಕೊಂಡೆ. ರೈಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಬಂದೆ.

ಮುಂದಿನ ತಿಂಗಳು ಸೀರೆ ಉಟ್ಟು ಹೋದರೆ ಮಿಜುನೋ-ಸಾನ್ ಸೌಟು ಹಿಡಿದು ನಿಂತಿದ್ದಾಳೆ. ಮೊದಲ ಸಾಲಿನಲ್ಲಿ ಕೂತು ಗಂಟೆ ಬಾರಿಸುತ್ತಿದ್ದ ಹುಡುಗಿ. ಇಲ್ಲಿ ಕೆಲಸ ಬಿಡುವವರಿಗೆ ಹೂ ಕೊಡುತ್ತಾರಂತೆ. ನನಗೆ ಕೂರಲು ಕುರ್ಚಿ ಕೊಟ್ಟರು.

ನವೆಂಬರ್ 2, ಭಾನುವಾರ

ಫೋನ್ ಬಂತು. ಸಿಂಧೂರಾ ಸ್ಪೀಕರಿಗೆ ಹಾಕಿದಳು. ಈ ಸಲ ಬಾಯಿ ಬಿಗಿ ಹಿಡಿದಿದ್ದೆ. ಮಂಡಿ ಹೇಗಿದೆ ಎಂದು ಕೇಳಿದರು. "ಚೆನ್ನಾಗಿದೆ ಅನ್ನು, ಓಡ್ತೀನಿ ಅನ್ನು" ಅಂದೆ. ಅವಳು ಹೇಳಿದಳು. ಆ ಕಡೆಯಿಂದ ತುಂಬಾ ಹೊತ್ತು ಮಾತು. ಅವಳ ಮುಖ ಸಣ್ಣದಾಯಿತು.

"ಅಮ್ಮಾ... ಸೀರೆ ಉಡಿಸಕ್ಕೆ. ಮಿಜುನೋ-ಸಾನ್‌ಗೆ ನೆರಿಗೆ ನಿಲ್ಲಲ್ವಂತೆ."

"ಪಾರ್ಟು?"

"ಕೇಳ್ಲಾ?"

"ಬೇಡ."

ಬೇಡ ಅಂದರೆ ಕೇಳು ಎಂದು. ಇವಳೂ ಜಪಾನಿನವಳೇ ಆಗಿದ್ದಾಳೆ. ಕೇಳಲಿಲ್ಲ. ಒಪ್ಪಿಕೊಂಡುಬಿಟ್ಟಳು.

ಇವರು ಹೋಟೆಲಿಂದ ಬಂದು ನಕ್ಕರು. "ಸ್ಟಾರ್ ಆಗಿದ್ದೋಳು ಮೇಕಪ್‌ಮ್ಯಾನ್ ಆಗ್ಬುಟ್ಟೆ ಕಣಮ್ಮಿ." ಸಾರಿಗೆ ಉಪ್ಪು ಹಾಕಲಿಲ್ಲ. ಬೇಕೆಂದೇ.

ನವೆಂಬರ್ 23, ಸಂಜೆ

ಈಗ ಬಂದೆ. ಕೈಕಾಲೂ ತೊಳೆಯದೆ ಬರೆಯಲು ಕೂತೆ.

ಸೀರೆ ಚೆನ್ನಾಗಿಯೇ ಉಡಿಸಿದೆ. ಬಿಚ್ಚಿಹೋದರೆ ನನ್ನ ಮೇಲೆ ಬರುತ್ತದಲ್ಲ. ಮಿಜುನೋ-ಸಾನ್ ಹತ್ತು ಸಲ ಬಾಗಿದಳು. ಬೆವರುತ್ತಿದ್ದಳು ಪಾಪದ ಹುಡುಗಿ. ಮಧ್ಯದಲ್ಲಿ ಸೆರಗು ಸರಿದರೆ ಎಂದು ನಾನು ಪಿನ್ನು ಬಾಯಲ್ಲಿ ಕಚ್ಚಿಕೊಂಡು ಪರದೆಯ ಪಕ್ಕದಲ್ಲೇ ನಿಂತೆ.

ಸೌಟಿನ ಸೀನು. ಸೌಂಡ್ ನಿಂತಿತು. ಅವಳಿಗೆ ಮಾತು ಮರೆತುಹೋಗಿದೆ! ಬಾಯಿ ತೆರೆದಳು, ಮುಚ್ಚಿದಳು. ನನ್ನ ಕಡೆ ತಿರುಗಿದಳು. ಆ ಕಣ್ಣು... ಮಗುವಿನ ಕಣ್ಣು.

ನನಗೆ ಗೊತ್ತು. ನಿದ್ದೆಯಲ್ಲೂ ಗೊತ್ತು. ಪಿನ್ನು ಉಗಿದು ಹೇಳಬಹುದಿತ್ತು.

ಉಗಿಯಲಿಲ್ಲ. ಗೊತ್ತಾಗಲಿ, ನಾನಿಲ್ಲದೆ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ.

ಆಗ ಇಡೀ ಟಾಕೀಸೇ ಹೇಳಿತು. ಕತ್ತಲಲ್ಲಿ ಇನ್ನೂರು ಬಾಯಿ, ಕನ್ನಡದಲ್ಲಿ, ಒಟ್ಟಿಗೆ.

"ಮೊದ್ಲು ಉಣ್ಣು. ಸಾಯೋನು ಕಾಯ್ತಾನೆ, ಕಂದಾ."

ಗಂಟೆ, ಕಾಗದ, ಕೂಗು. ಮಿಜುನೋ-ಸಾನ್ ಅಳುತ್ತಾ ಸೌಟು ಎತ್ತಿದಳು. ನನ್ನ ಕಡೆ ಯಾರೂ ನೋಡಲಿಲ್ಲ.

ಸಿನಿಮಾದಲ್ಲಿ "ಕಂದಾ" ಇಲ್ಲ. ಅದು ನಾನು ಸೇರಿಸಿದ್ದು. ನನ್ನ ಮೊದಲ ಶೋನಲ್ಲಿ, ಹೆದರಿಕೆಗೆ, ತಾನಾಗಿ ಬಂದಿತ್ತು. ಇದನ್ನು ಯಾರಿಗೆ ಹೇಳಲಿ? ಸಿಂಧೂರಾಗೆ ಹೇಳೋಣ ಎಂದರೆ ರೈಲಿನಲ್ಲಿ ಪೂರ್ತಿ ಫೋನು ನೋಡುತ್ತಿದ್ದಳು. ಕೊನೆಗೆ ತಲೆ ಎತ್ತಿ, "ಅಮ್ಮಾ, ನೀನ್ಯಾಕೆ ಹೇಳ್ಕೊಡ್ಲಿಲ್ಲ?" ಅಂದಳು.

ಬಾಯಲ್ಲಿ ಪಿನ್ನಿತ್ತು ಕಣೇ, ಅಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ನನ್ನ ತಲೆಗೂದಲಿಗೆ ಅಂಟಿದ್ದ ಬಣ್ಣದ ಕಾಗದ ಒಂದೊಂದೂ ಆರಿಸಿದಳು.