ಹೋಮ್ ಗ್ರೌಂಡಿನ ಹುಲಿ

ಭದ್ರಾವತಿ, ೧೯೯೯

ದುಶ್ಯಂತ್,

ಇದನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಚೀಟಿಯಷ್ಟೂ ನೀನು ಬೆಲೆಬಾಳುವುದಿಲ್ಲ.

ಇವತ್ತು ನಾವಿಬ್ಬರೂ ಸೇರಿ ಕಟ್ಟಿದ ಕಂಪ್ಯೂಟರ್ ಬೇಸ್‌ಬಾಲ್ ಆಟದ ತಂಡವನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಒಬ್ಬನೇ ಶಿವಮೊಗ್ಗದ ಬಸ್ಸು ಹತ್ತಿದೆ. ಹೊರಗಿನ ಪಂದ್ಯವನ್ನು ಎದುರಾಳಿಯ ಕಂಪ್ಯೂಟರಿನಲ್ಲೇ ಆಡಬೇಕೆಂಬುದು ನಾವೇ ಮಾಡಿಕೊಂಡ ನಿಯಮವಲ್ಲವೇ? ಇವತ್ತಿನ ಎದುರಾಳಿ, ಆಲ್ಕೊಳದ ಷಡಕ್ಷರಿ ಆಟದಲ್ಲಿ ಆರಿಸಿಕೊಂಡ ಮೈದಾನ ದೊಡ್ಡದು. ನಮ್ಮ ಪುಟ್ಟ ಮೈದಾನದಲ್ಲಿ ಚೆಂಡನ್ನು ಬೇಲಿಯಾಚೆ ಹಾರಿಸಿ ಮೆರೆಯುವ ನಿನ್ನ ಮೂವರು ದಾಂಡಿಗರು ಅಲ್ಲಿ ಬರೀ ಕ್ಯಾಚ್ ಕೊಡುತ್ತಾರೆ. "ಹೋಮಲ್ಲಿ ಗೆದ್ರೆ ಸಾಕು ಮಾರಾಯ" ಎನ್ನುತ್ತಿದ್ದೆಯಲ್ಲ, ಅವರೂ ನಿನ್ನಂತೆಯೇ ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ. ತ್ಯಾವರೆಕೊಪ್ಪದ ಸಫಾರಿಯ ಹುಲಿಯಾದರೂ ಬೇಲಿಯವರೆಗೆ ಬರುತ್ತದೆ. ನೀನು ಕಾಗದನಗರದ ನಿಮ್ಮ ಕ್ವಾರ್ಟರ್ಸ್ ಬಿಟ್ಟು ಒಂದು ಪಂದ್ಯಕ್ಕೂ ಬರಲಿಲ್ಲ. ಆ ಮೂವರು ದಾಂಡಿಗರನ್ನೂ ಹೊರಗೆ ಕೂರಿಸಿ, ಚುರುಕಾಗಿ ಓಡುವವರನ್ನು ಇಳಿಸಿದೆ. ಗೆದ್ದೆ.

"ದುಶ್ಯಂತ್ ಎಲ್ಲೋ?" ಎಂದ ಷಡಕ್ಷರಿ.

"ಅವನ ಸುದ್ದಿ ಎತ್ತಬೇಡ. ಮಾತು ಬಿಟ್ಟಿದೀವಿ."

"ಹಂಗಾದ್ರೆ ಮುಂದಿನ ಭಾನುವಾರ ನಿಮ್ ಹೋಮ್ ಮ್ಯಾಚಿಗೆ ನಾನು ಎಲ್ಲಿಗೆ ಬರ್ಲಿ?"

ಬಸ್ಸಿಗೆ ಹೊತ್ತಾಯಿತೆಂದು ಫ್ಲಾಪಿ ಎತ್ತಿಕೊಂಡು ಹೊರಟೆ. ನಮ್ಮ ಹೋಮ್ ಗ್ರೌಂಡ್ ಇರುವುದು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ.

ನಿನ್ನ ಆ ಮೂವರು ಬಡಾಯಿಕೋರರನ್ನು ಮಾತ್ರ ಇನ್ನೂ ತಂಡದಿಂದ ತೆಗೆದಿಲ್ಲ.

ಶಿವಯೋಗಿ